ಒಂದು ವಿಳಾಸ, ಹತ್ತು ಮನೆ ಹೆಸರು

ಊರಿನ ಸಂಘದ ಜಾಲತಾಣ ತೆರೆದರೆ ಬೇರೆ ಯಾರದೋ ಪುಟ ಕಾಣಿಸುತ್ತದೆ. ತಪ್ಪು ಎಲ್ಲಿದೆ? ಕಂಡ ಪುಟವನ್ನೇ ಸರಿಯಾಗಿ ಓದಿದರೆ ಅರ್ಧ ಉತ್ತರ ಅಲ್ಲಿಯೇ ಇದೆ.

ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ ಕಡೆಯ ಹಳ್ಳಿಗಳಲ್ಲಿ ಮನೆಗೆ ನಂಬರಿಗಿಂತ ಹೆಸರು ಮುಖ್ಯ. ಪಂಚಾಯತಿನ ದಾಖಲೆಯಲ್ಲಿ ಡೋರ್ ನಂಬರ್ ಇದ್ದೇ ಇರುತ್ತದೆ. ಆದರೆ ಅದನ್ನು ಹಿಡಿದುಕೊಂಡು ಹೋದವರಿಗೆ ದಾರಿ ತೋರಿಸುವವರು ಸಿಗುವುದು ಕಷ್ಟ. ಗುತ್ತು, ಬೀಡು, ಮಜಲು, ಪಲ್ಕೆ ಎಂದು ಕೊನೆಗೊಳ್ಳುವ ಮನೆ ಹೆಸರು ಹೇಳಿದರೆ ಮಾತ್ರ ‘ಓ, ಅವರ ಮನೆಯಾ’ ಎಂಬ ಉತ್ತರ ಬರುತ್ತದೆ. ಬಸ್ಸು ನಿಲ್ಲುವಲ್ಲಿನ ಅಂಗಡಿಗೆ ‘ಕೇರಾಫ್’ ಹಾಕಿ ಕಾಗದ ತರಿಸಿಕೊಳ್ಳುವ ವಾಡಿಕೆಯೂ ಈ ಕಡೆ ಇತ್ತು. ಒಳದಾರಿಯ ಹತ್ತು ಮನೆಗಳ ಟಪಾಲು ಒಂದೇ ಅಂಗಡಿಗೆ ಬಂದು ಬೀಳುತ್ತಿತ್ತು. ಅಂಗಡಿಯವರು ಮೇಲೆ ಬರೆದ ಮನೆ ಹೆಸರು ನೋಡಿ, ಆ ದಾರಿಯಲ್ಲಿ ಹೋಗುವವರ ಕೈಯಲ್ಲಿ ಕೊಟ್ಟು ಕಳಿಸುತ್ತಿದ್ದರು.

ಅಂತರಜಾಲದಲ್ಲಿಯೂ ಇಂಥದೇ ಒಂದು ಅಂಗಡಿಯಿದೆ. ಲಿನಕ್ಸ್ ಹಾಕಿದ ಒಂದು ಕಂಪ್ಯೂಟರು, ಅದಕ್ಕೆ ಒಂದೇ ಒಂದು ಐಪಿ ವಿಳಾಸ. ಆದರೆ ಅದರೊಳಗೆ ಶಾಲೆಯದೊಂದು, ಹಾಲಿನ ಸೊಸೈಟಿಯದೊಂದು, ದೇವಸ್ಥಾನದ್ದೊಂದು, ಯಕ್ಷಗಾನ ಮೇಳದ್ದೊಂದು ಎಂದು ಹಲವು ಜಾಲತಾಣಗಳು. ಬಂದವರು ಯಾವ ಹೆಸರು ಹೇಳಿಕೊಂಡು ಬಂದರು ಎಂದು ನೋಡಿ, ಆ ಮನೆಯ ಪುಟವನ್ನು ತೆಗೆದುಕೊಡುವುದು ಅಪಾಚೆ ಅಥವಾ ಎಂಜಿನ್‌ಎಕ್ಸ್ ಎಂಬ ವೆಬ್ ಸರ್ವರ್ ತಂತ್ರಾಂಶದ ಕೆಲಸ. ಈ ಏರ್ಪಾಡಿಗೆ ‘ವರ್ಚುವಲ್ ಹೋಸ್ಟ್’ ಎಂದು ಹೆಸರು. ಸಣ್ಣ ಸಣ್ಣ ಸಂಸ್ಥೆಗಳೂ ಕಡಿಮೆ ಖರ್ಚಿನಲ್ಲಿ ಸ್ವಂತ ಹೆಸರಿನ ತಾಣ ಇಟ್ಟುಕೊಳ್ಳಲು ಸಾಧ್ಯವಾಗಿರುವುದು ಇದರಿಂದಲೇ.

ಎಲ್ಲವೂ ಸರಿಯಿರುವಾಗ ಇಂಥದೊಂದು ವ್ಯವಸ್ಥೆ ಇದೆಯೆಂದೇ ಯಾರಿಗೂ ತಿಳಿಯುವುದಿಲ್ಲ. ತಪ್ಪಿದಾಗ ಫಜೀತಿ. ಮಹಾಸಭೆಯ ನೋಟಿಸು ನೋಡಲು ಸಹಕಾರಿ ಸಂಘದ ತಾಣ ತೆರೆದ ಸದಸ್ಯರಿಗೆ ಯಾವುದೋ ಕಲ್ಯಾಣ ಮಂಟಪದ ಫೋಟೋ ಕಾಣಿಸಬಹುದು. ಇವತ್ತು ರಾತ್ರಿ ಆಟ ಎಲ್ಲಿ ಎಂದು ಮೇಳದ ತಾಣ ತೆರೆದವರಿಗೆ ‘ಇಟ್ ವರ್ಕ್ಸ್’ ಎಂಬ ಎರಡೇ ಪದಗಳ ಬಿಳಿ ಪುಟ ಸಿಗಬಹುದು. ‘ಕೆಲಸ ಮಾಡುತ್ತಿದೆ’ ಎಂದು ಅಪಾಚೆ ಹೇಳುವ ಮಾತು ಅದು. ಕೆಲಸ ಮಾತ್ರ ಆಗಿರುವುದಿಲ್ಲ! ಶಾಲೆಯ ಪ್ರವೇಶ ಅರ್ಜಿಗೆ ಕೊನೆಯ ದಿನ ಹೀಗಾದರೆ ನಗುವ ಮಾತಲ್ಲ. ಪುಟ ಕಾಣದಿದ್ದರೆ ಜನ ಮತ್ತೆ ಪ್ರಯತ್ನಿಸುತ್ತಾರೆ. ಬೇರೆಯವರ ಪುಟ ಕಂಡರೆ ಸಂಸ್ಥೆಯೇ ಮುಚ್ಚಿತೋ, ಯಾರಾದರೂ ಮೋಸ ಮಾಡಿದರೋ ಎಂದು ಶಂಕಿಸುತ್ತಾರೆ.

ಹೆಸರು ಹೇಳದ ಕಾಲ

ಭಾರತದಲ್ಲಿ ಜನಸಾಮಾನ್ಯರಿಗೆ ಇಂಟರ್‌ನೆಟ್ ಸಿಕ್ಕಿದ್ದು 1995ರ ಆಗಸ್ಟ್ 15ರಂದು, ವಿದೇಶ ಸಂಚಾರ ನಿಗಮದ ಮೂಲಕ. ಆ ಕಾಲದ ಬ್ರೌಸರು ಸರ್ವರನ್ನು ಮುಟ್ಟಿದಾಗ ‘ಇಂಥ ಪುಟ ಕೊಡು’ ಎಂದಷ್ಟೇ ಕೇಳುತ್ತಿತ್ತು. ಯಾವ ತಾಣದ ಪುಟ ಎಂದು ಹೇಳುವ ಕ್ರಮ ಇರಲಿಲ್ಲ. ಲಕೋಟೆಯ ಮೇಲೆ ಅಂಗಡಿಯ ಹೆಸರಿದೆ, ಮನೆಯ ಹೆಸರಿಲ್ಲ ಎಂಬಂಥ ಸ್ಥಿತಿ. ಹಾಗಾಗಿ ಪ್ರತಿಯೊಂದು ತಾಣಕ್ಕೂ ಪ್ರತ್ಯೇಕ ಐಪಿ ವಿಳಾಸ ಬೇಕಾಗುತ್ತಿತ್ತು.

ಆ ವಿಳಾಸಗಳಾದರೋ ಲೆಕ್ಕದ್ದು. ಹಳೆಯ ಪದ್ಧತಿಯಲ್ಲಿ ಇಡೀ ಜಗತ್ತಿಗೆ ಇರುವುದು ಸುಮಾರು 429 ಕೋಟಿ ಮಾತ್ರ. ಜಾಗತಿಕ ಹಂಚಿಕೆಯ ದಾಸ್ತಾನಿನಲ್ಲಿದ್ದ ಕೊನೆಯ ಕಂತುಗಳೂ 2011ರ ಫೆಬ್ರವರಿಯಲ್ಲಿ ಖಾಲಿಯಾದವು. ಮುಂದೆ ಹೀಗಾಗುತ್ತದೆಂಬ ಅಂದಾಜು ತಂತ್ರಜ್ಞರಿಗೆ ಮೊದಲೇ ಇತ್ತು.

ಯು.ಬಿ. ಪವನಜ ಅವರು ಕನ್ನಡದ ಮೊದಲ ಜಾಲತಾಣ ಎನಿಸಿಕೊಂಡ ‘ವಿಶ್ವಕನ್ನಡ’ವನ್ನು ಆರಂಭಿಸಿದ್ದು 1996ರ ಡಿಸೆಂಬರ್‌ನಲ್ಲಿ. ಮರುತಿಂಗಳೇ, 1997ರ ಜನವರಿಯಲ್ಲಿ, ಎಚ್‌ಟಿಟಿಪಿ ನಿಯಮಾವಳಿಯ 1.1ನೇ ಆವೃತ್ತಿ ಪ್ರಕಟವಾಯಿತು. ಅದರಲ್ಲಿ ಒಂದು ಸಣ್ಣ ಸಾಲು ಕಡ್ಡಾಯವಾಯಿತು: ಬ್ರೌಸರು ಪುಟ ಕೇಳುವಾಗ ‘ಹೋಸ್ಟ್’ ಎಂದು ಬರೆದು, ಯಾವ ಹೆಸರಿನ ತಾಣ ಎಂಬುದನ್ನೂ ತಿಳಿಸಬೇಕು. 1995ರ ಏಪ್ರಿಲ್‌ನಲ್ಲಿ ಹೊರಬಂದಿದ್ದ ಅಪಾಚೆ ತಂತ್ರಾಂಶ ಈ ಸಾಲನ್ನು ಓದಿ ಮನೆ ಮನೆಗೆ ಹಂಚುವುದನ್ನು ಅಷ್ಟರಲ್ಲೇ ಕಲಿತಿತ್ತು. 2004ರಲ್ಲಿ ಬಂದ ಎಂಜಿನ್‌ಎಕ್ಸ್‌ನದೂ ಇದೇ ಕ್ರಮ. ಒಂದು ವಿಳಾಸದಲ್ಲಿ ನೂರು ತಾಣ ನಡೆಯತೊಡಗಿದ್ದು ಹೀಗೆ.

ಈ ವಿದ್ಯೆ ಕಲಿಯಲು ಬೆಂಗಳೂರಿಗೇ ಹೋಗಬೇಕೆಂದಿಲ್ಲ. ಬಂಟ್ವಾಳ ತಾಲೂಕಿನ ಬೆಂಜನಪದವಿನಲ್ಲಿ ಕೆನರಾ ಎಂಜಿನಿಯರಿಂಗ್ ಕಾಲೇಜು 2001ರಲ್ಲಿ ಆರಂಭವಾಯಿತು. ಬೆಳ್ತಂಗಡಿ ತಾಲೂಕಿನ ಉಜಿರೆಯಲ್ಲಿ ಎಸ್‌ಡಿಎಂ ತಾಂತ್ರಿಕ ಸಂಸ್ಥೆ, ಮೂಡುಬಿದಿರೆ ಸಮೀಪದ ಬಡಗ ಮಿಜಾರಿನಲ್ಲಿ ಮಂಗಳೂರು ಇನ್‌ಸ್ಟಿಟ್ಯೂಟ್ ಆಫ್ ಟೆಕ್ನಾಲಜಿ ಆ್ಯಂಡ್ ಎಂಜಿನಿಯರಿಂಗ್ 2007ರಲ್ಲಿಯೂ, ಮಿಜಾರಿನಲ್ಲೇ ಆಳ್ವಾಸ್ ತಾಂತ್ರಿಕ ಕಾಲೇಜು 2008ರಲ್ಲಿಯೂ ಬಂದವು. ಇಂಥ ಕಾಲೇಜಿನಲ್ಲಿ ಕಲಿತ ಹುಡುಗನೋ ಹುಡುಗಿಯೋ ಊರಿನ ಶಾಲೆಗೆ, ದೇವಸ್ಥಾನಕ್ಕೆ ಪ್ರೀತಿಯಿಂದ ತಾಣ ಮಾಡಿಕೊಡುವುದುಂಟು. ಕೆಲಸ ಸಿಕ್ಕಿ ಅವರು ಊರು ಬಿಟ್ಟ ಮೇಲೆ ಏನಾದರೂ ಕೆಟ್ಟರೆ ನೋಡುವವರು ಯಾರು? ದೋಷ ಹುಡುಕುವ ಕ್ರಮ ತಿಳಿದವರು ಊರಿನಲ್ಲಿ ಒಬ್ಬರಾದರೂ ಇರಬೇಕಾದುದು ಆಗಲೇ.

ಗೊತ್ತಿಲ್ಲ ಎನ್ನದ ಸರ್ವರು

ಅಂಗಡಿಯವರಿಗೆ ಮನೆ ಹೆಸರು ಗುರುತು ಸಿಗದಿದ್ದರೆ ಕಾಗದವನ್ನು ಪೋಸ್ಟ್‌ಮ್ಯಾನ್‌ಗೆ ಮರಳಿಸುತ್ತಿದ್ದರು. ಸರ್ವರು ಹಾಗೆ ಮಾಡುವುದಿಲ್ಲ. ಕೇಳಿದ ಹೆಸರು ತನ್ನ ಪಟ್ಟಿಯಲ್ಲಿ ಸಿಗದಿದ್ದರೆ ಪಟ್ಟಿಯ ಮೊದಲ ಮನೆಗೆ ಕಾಗದ ಕೊಟ್ಟುಬಿಡುತ್ತದೆ. ಬಂದವರಿಗೆ ಆ ಮೊದಲ ಮನೆಯ ಪುಟ ಕಾಣುತ್ತದೆ. ತಪ್ಪಾಯಿತೆಂಬ ಸೂಚನೆ ಇಲ್ಲ, ಕೆಂಪು ಅಕ್ಷರ ಇಲ್ಲ. ವರ್ಚುವಲ್ ಹೋಸ್ಟ್ ತೊಂದರೆಗಳಲ್ಲಿ ಹೊಸಬರನ್ನು ಅತಿ ಹೆಚ್ಚು ದಿಕ್ಕು ತಪ್ಪಿಸುವುದು ಇದೇ ಸಂಗತಿ.

ಪಟ್ಟಿಯ ಮೊದಲ ಮನೆ ಯಾವುದು? ಅಪಾಚೆಯು ತಾಣಗಳ ವಿವರವಿರುವ ಕಡತಗಳನ್ನು ಹೆಸರಿನ ಅಕಾರಾದಿಯಲ್ಲಿ ಓದುತ್ತದೆ. ಡೆಬಿಯನ್, ಉಬುಂಟು ಲಿನಕ್ಸ್‌ಗಳಲ್ಲಿ ಮೂಲ ಕಡತದ ಹೆಸರು ಮೂರು ಸೊನ್ನೆಗಳಿಂದ ಆರಂಭವಾಗುವುದಕ್ಕೆ ಕಾರಣ ಅದೇ. ಅದು ಎಲ್ಲಕ್ಕಿಂತ ಮೊದಲು ಬರಲಿ ಎಂದು. ಆ ಕಡತವನ್ನು ತೆಗೆದುಹಾಕಿದರೆ ಅಕ್ಷರಕ್ರಮದಲ್ಲಿ ಮುಂದಿನದು ಮೊದಲ ಮನೆಯಾಗುತ್ತದೆ. ಕಲ್ಯಾಣ ಮಂಟಪದ ಕಡತದ ಹೆಸರು ಇಂಗ್ಲಿಷಿನ ‘ಎ’ ಅಕ್ಷರದಿಂದ ಆರಂಭವಾಗುತ್ತದೆ ಎಂಬ ಒಂದೇ ಕಾರಣಕ್ಕೆ ಸಂಘದ ಸದಸ್ಯರೆಲ್ಲ ಅಲ್ಲಿಗೆ ಹೋಗಿ ನಿಂತಿರಬಹುದು.

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕುವುದು ಇಂಥ ಹೊತ್ತಿನಲ್ಲಿಯೇ. ಸಂಘದ ಪುಟಗಳನ್ನು ಅಳಿಸಿ ಮತ್ತೆ ಹಾಕುತ್ತಾರೆ, ಲಿನಕ್ಸನ್ನೇ ಹೊಸದಾಗಿ ತುಂಬುತ್ತಾರೆ. ಫಲ ಮಾತ್ರ ಸೊನ್ನೆ. ಬೇರೆಯವರ ಪುಟ ಕಂಡಿತೆಂದರೆ ಕಾಗದ ಅಂಗಡಿಯವರೆಗೆ ಸರಿಯಾಗಿಯೇ ಬಂದಿದೆ ಎಂದರ್ಥ. ಕಂಪ್ಯೂಟರು ನಡೆಯುತ್ತಿದೆ, ಅಪಾಚೆ ನಡೆಯುತ್ತಿದೆ. ಹೆಸರು ಕೂಡಿಬರಲಿಲ್ಲ ಅಷ್ಟೇ.

ಕಂಡದ್ದೇ ಸಾಕ್ಷಿ

ಹೀಗೆ ಪ್ರತಿಯೊಂದು ಲಕ್ಷಣವೂ ಕಾಗದ ಎಲ್ಲಿಯವರೆಗೆ ಹೋಯಿತು ಎಂಬುದನ್ನು ಹೇಳುತ್ತದೆ.

‘ಈ ಹೆಸರಿನ ತಾಣವೇ ಸಿಗಲಿಲ್ಲ’ ಎಂದು ಬ್ರೌಸರು ಹೇಳಿದರೆ ಕಾಗದ ಊರನ್ನೇ ಬಿಟ್ಟಿಲ್ಲ. ಹೆಸರನ್ನು ಐಪಿ ವಿಳಾಸಕ್ಕೆ ಬದಲಿಸಿಕೊಡುವ ಡಿಎನ್ಎಸ್ ದಾಖಲೆಯಲ್ಲಿ ತಪ್ಪಿದೆ, ಅಥವಾ ಹೆಸರಿನ ವಾರ್ಷಿಕ ಶುಲ್ಕ ಕಟ್ಟಲು ಮರೆತಿದ್ದಾರೆ. ಸರ್ವರು ಬದಲಿಸಿದ ಮೇಲೆ ಕೆಲವರಿಗೆ ಹೊಸ ಪುಟ, ಕೆಲವರಿಗೆ ಹಳೆಯದು ಕಾಣುತ್ತಿದ್ದರೆ ಡಿಎನ್ಎಸ್‌ನ ಹಳೆಯ ಉತ್ತರ ಅಲ್ಲಲ್ಲಿ ಇನ್ನೂ ಉಳಿದಿದೆ. ಕೆಲವು ತಾಸು ಕಾದರೆ ಅದು ತಾನಾಗಿಯೇ ಸರಿಹೋಗುತ್ತದೆ.

ಚಕ್ರ ತಿರುಗುತ್ತಾ ತಿರುಗುತ್ತಾ ಕೊನೆಗೆ ಸೋತು ನಿಂತರೆ ಕಂಪ್ಯೂಟರು ಬಂದ್ ಆಗಿದೆ, ವಿಳಾಸ ತಪ್ಪಿದೆ ಇಲ್ಲವೆ ಫೈರ್‌ವಾಲ್ ತಡೆದಿದೆ. ತಟ್ಟನೆ ನಿರಾಕರಣೆ ಬಂದರೆ ಕಂಪ್ಯೂಟರು ನಡೆಯುತ್ತಿದೆ, ಅಪಾಚೆ ಎದ್ದಿಲ್ಲ ಎನ್ನಬಹುದು. ಮಳೆಗಾಲದಲ್ಲಿ ಕರೆಂಟು ಹೋಗಿ ಬಂದ ಮೇಲೆ ಯಂತ್ರ ತಾನಾಗಿ ಏಳುತ್ತದೆ. ಆದರೆ ‘ಯಂತ್ರದೊಡನೆ ಅಪಾಚೆಯೂ ಏಳಲಿ’ ಎಂದು ಮೊದಲೇ ಹೇಳಿಟ್ಟಿಲ್ಲದಿದ್ದರೆ ಅದು ಮಲಗಿಯೇ ಇರುತ್ತದೆ.

403 ಎಂಬ ಸಂಖ್ಯೆ ಕಂಡರೆ ಸರಿಯಾದ ಮನೆಯನ್ನೇ ಮುಟ್ಟಿರುವುದು ಹೆಚ್ಚು ಸಂಭವ, ಬಾಗಿಲಿಗೆ ಬೀಗವಿದೆ. ಪುಟಗಳಿರುವ ಫೋಲ್ಡರಿಗೆ ಅನುಮತಿ ಕೊಟ್ಟರಷ್ಟೇ ಸಾಲದು, ಅಲ್ಲಿಗೆ ಹೋಗುವ ದಾರಿಯ ಪ್ರತಿಯೊಂದು ಫೋಲ್ಡರನ್ನೂ ದಾಟಲು ಅಪಾಚೆಗೆ ಅನುಮತಿ ಬೇಕು. ಅಂಗಳದ ಬಾಗಿಲು ತೆರೆದಿಟ್ಟು ಗದ್ದೆಯ ತಡಮೆ ಮುಚ್ಚಿದರೆ ಬಂದವರು ಒಳಗೆ ಬರುವುದು ಹೇಗೆ? ರೆಡ್‌ಹ್ಯಾಟ್ ಮಾದರಿಯ ಲಿನಕ್ಸ್‌ಗಳಲ್ಲಿ ಎಸ್‌ಇ-ಲಿನಕ್ಸ್ ಎಂಬ ಇನ್ನೊಬ್ಬ ಕಾವಲುಗಾರನಿದ್ದಾನೆ. ಅನುಮತಿಯೆಲ್ಲ ಸರಿಯಿದ್ದರೂ ಫೋಲ್ಡರಿನ ಮೇಲೆ ತನ್ನ ಮುದ್ರೆ ಇಲ್ಲದಿದ್ದರೆ ಆತ ಬಿಡುವುದಿಲ್ಲ. ಕಿರಿಕಿರಿಯೆಂದು ಆತನನ್ನೇ ಕೆಲಸದಿಂದ ಬಿಡಿಸುವವರಿದ್ದಾರೆ. ಮುದ್ರೆ ಒತ್ತಿಸುವುದು ಸರಿಯಾದ ಉಪಾಯ.

2012ರಲ್ಲಿ ಬಂದ ಅಪಾಚೆ 2.4ರಲ್ಲಿ ಅನುಮತಿ ಬರೆಯುವ ಭಾಷೆಯೇ ಬದಲಾಯಿತು. ಹಳೆಯ ನೋಟ್ಸಿನಿಂದ ಸಾಲುಗಳನ್ನು ನಕಲು ಮಾಡಿದವರಿಗೆ 403 ಎದುರಾಗಲು ಅದೂ ಒಂದು ಕಾರಣ.

ಇನ್ನು 404. ಬಾಗಿಲು ತೆರೆದಿದೆ, ಕೇಳಿದ ಪುಟ ಅಲ್ಲಿಲ್ಲ. ಪುಟಗಳಿರುವ ಜಾಗವನ್ನು ಕಡತದಲ್ಲಿ ತಪ್ಪಾಗಿ ಬರೆದಿರಬಹುದು. ದೊಡ್ಡಕ್ಷರ, ಸಣ್ಣಕ್ಷರ ಬೆರಸಿರಬಹುದು. ವಿಂಡೋಸ್‌ನಲ್ಲಿ ಇವೆರಡೂ ಒಂದೇ. ಲಿನಕ್ಸ್‌ನಲ್ಲಿ ಬೇರೆ ಬೇರೆ. ಮನೆಯ ಕಂಪ್ಯೂಟರಿನಲ್ಲಿ ಚೆನ್ನಾಗಿ ಕಂಡ ಫೋಟೋಗಳು ಸರ್ವರಿಗೆ ಹೋದೊಡನೆ ಮಾಯವಾಗುವುದು ಇದರಿಂದಲೇ.

ಮೂರು ಪ್ರಶ್ನೆಗಳು

ಲಕ್ಷಣ ನೋಡಿಯೂ ಸಂಶಯ ಉಳಿದರೆ ಸರ್ವರನ್ನೇ ಕೇಳಬಹುದು. ಮೊದಲನೆಯದು, ಬರೆದುದರಲ್ಲಿ ವ್ಯಾಕರಣದ ತಪ್ಪಿದೆಯೇ? ‘ಅಪಾಚೆಸಿಟಿಎಲ್ ಕಾನ್ಫಿಗ್‌ಟೆಸ್ಟ್’ ಎಂಬ ಆಜ್ಞೆ ಅದನ್ನು ಸಾಲಿನ ಸಂಖ್ಯೆಯ ಸಮೇತ ಹೇಳುತ್ತದೆ. ಎರಡನೆಯದು, ನಿನ್ನ ಪಟ್ಟಿಯಲ್ಲಿ ಯಾವ ಯಾವ ಮನೆಗಳಿವೆ, ಮೊದಲನೆಯದು ಯಾವುದು? ಅದೇ ‘ಅಪಾಚೆಸಿಟಿಎಲ್’ ಮುಂದೆ ಒಂದು ಅಡ್ಡಗೆರೆ, ದೊಡ್ಡಕ್ಷರದ ‘ಎಸ್’ ಹಾಕಿದರೆ ಇಡೀ ಪಟ್ಟಿ ಕಣ್ಣ ಮುಂದೆ. ಸಂಘದ ಹೆಸರೇ ಅಲ್ಲಿಲ್ಲದಿದ್ದರೆ ಕಡತ ಬರೆದಿದ್ದರೂ ಅದನ್ನು ಜಾರಿಗೆ ತಂದಿಲ್ಲ. ಉಬುಂಟುವಿನಲ್ಲಿ ‘ಲಭ್ಯವಿರುವ ತಾಣಗಳು’ ಮತ್ತು ‘ಚಾಲ್ತಿಯ ತಾಣಗಳು’ ಎಂದು ಎರಡು ಪ್ರತ್ಯೇಕ ಫೋಲ್ಡರುಗಳಿವೆ. ಮೊದಲನೆಯದರಲ್ಲಿ ಬರೆದು, ಎರಡನೆಯದಕ್ಕೆ ಸೇರಿಸಲು ಮರೆಯುವುದು ಸಾಮಾನ್ಯ. ಸೇರಿಸಿದ ಮೇಲೆ ಅಪಾಚೆಗೆ ‘ಮತ್ತೊಮ್ಮೆ ಓದಿಕೋ’ ಎಂದು ಹೇಳಲು ಮರೆಯುವುದು ಇನ್ನೂ ಸಾಮಾನ್ಯ.

ಮೂರನೆಯದು ಎಲ್ಲಕ್ಕಿಂತ ಉಪಯುಕ್ತ. ಸರ್ವರಿನ ಎದುರು ಕುಳಿತು, ‘ಕರ್ಲ್’ ಎಂಬ ಸಣ್ಣ ತಂತ್ರಾಂಶದಿಂದ, ಅದೇ ಯಂತ್ರಕ್ಕೆ ಸಂಘದ ಹೆಸರು ಹೇಳಿ ಪುಟ ಕೇಳುವುದು. ಸರಿಯಾದ ಪುಟ ಬಂದರೆ ತಾಣಗಳ ಪಟ್ಟಿ ಸರಿಯಿದೆ, ತೊಂದರೆ ದಾರಿಯಲ್ಲಿದೆ. ತಪ್ಪು ಪುಟ ಬಂದರೆ ಡಿಎನ್ಎಸ್, ರೂಟರ್, ಫೋನ್ ಕಂಪೆನಿ ಎಂದು ಅಲೆಯುವುದು ಬೇಡ. ತೊಂದರೆ ಮನೆಯೊಳಗೇ ಇದೆ. ಹುಡುಕುವ ಜಾಗ ಒಂದೇ ಪರೀಕ್ಷೆಯಲ್ಲಿ ಅರ್ಧಕ್ಕೆ ಇಳಿಯಿತು.

ಪಟ್ಟಿ ಸರಿಯಿದ್ದೂ ತಪ್ಪು ಪುಟ ಬರುವ ಒಂದು ಸಂದರ್ಭವಿದೆ. ಒಂದು ತಾಣದ ಕಡತದಲ್ಲಿ ‘ಯಾವ ವಿಳಾಸಕ್ಕೆ ಬಂದರೂ ಸರಿ’ ಎಂದು ನಕ್ಷತ್ರ ಚಿಹ್ನೆ ಹಾಕಿ, ಇನ್ನೊಂದರಲ್ಲಿ ಐಪಿ ವಿಳಾಸವನ್ನೇ ಬರೆದಿದ್ದರೆ ಅಪಾಚೆ ವಿಳಾಸ ಬರೆದವರ ಕಡೆಗೇ ಹೋಗುತ್ತದೆ. ನಕ್ಷತ್ರದವರ ಹೆಸರುಗಳನ್ನು ನೋಡುವುದೂ ಇಲ್ಲ. ಎಲ್ಲದರಲ್ಲಿಯೂ ಒಂದೇ ರೀತಿ ಬರೆಯುವುದು ಇದಕ್ಕೆ ಮದ್ದು.

ಕಾಲೇಜಿನ ಸರ್ವರುಗಳಿಗೆ ಇನ್ನೊಂದು ಕಾಟ. ಹೊರಗಿನವರಿಗೆಲ್ಲ ತಾಣ ಚೆನ್ನಾಗಿ ಕಾಣುತ್ತದೆ. ಕ್ಯಾಂಪಸ್ಸಿನ ಒಳಗಿನವರಿಗೆ ಮಾತ್ರ ರೂಟರಿನ ಲಾಗಿನ್ ಪುಟ ಎದುರಾಗುತ್ತದೆ. ಒಳಗಿನಿಂದ ಹೊರವಿಳಾಸಕ್ಕೆ ಹೊರಟ ಕಾಗದವನ್ನು ತಿರುಗಿ ಒಳಗೆ ತರಲು ಎಲ್ಲ ರೂಟರುಗಳಿಗೂ ಬರುವುದಿಲ್ಲ. ಒಳಗಿನವರಿಗಾಗಿ ಡಿಎನ್ಎಸ್‌ನಲ್ಲಿ ಒಳವಿಳಾಸವನ್ನೇ ಕೊಟ್ಟರೆ ಮುಗಿಯಿತು.

ಬೆದ್ರವೂ ಹೌದು, ಮೂಡುಬಿದಿರೆಯೂ ಹೌದು

ಈ ಮೂರು ಊರುಗಳ ಹೆಸರಿನಲ್ಲಿಯೇ ಒಂದು ಪಾಠವಿದೆ. ಇಂಗ್ಲಿಷಿನಲ್ಲಿ ಬರೆಯುವಾಗ ಬಂಟ್ವಾಳಕ್ಕೆ ಒಬ್ಬರು ‘ಡಬ್ಲ್ಯು’ ಹಾಕಿದರೆ ಇನ್ನೊಬ್ಬರು ‘ವಿ’ ಹಾಕುತ್ತಾರೆ. ಬೆಳ್ತಂಗಡಿಯ ‘ತ’ಕ್ಕೆ ‘ಎಚ್’ ಸೇರಿಸಬೇಕೇ, ಕೊನೆಗೆ ‘ವೈ’ಯೋ ‘ಐ’ಯೋ ಎಂಬುದರಲ್ಲಿ ಒಮ್ಮತವಿಲ್ಲ. ಮೂಡುಬಿದಿರೆಗೆ ಎರಡು ‘ಓ’ ಬರೆಯುವವರೂ ಇದ್ದಾರೆ, ‘ಯು’ ಬರೆಯುವವರೂ ಇದ್ದಾರೆ. ತುಳುವಿನಲ್ಲಾದರೆ ಅದು ಬೆದ್ರ, ಬೆಳ್ತಂಗಡಿ ಬೊಳ್ತೇರ್. ಊರವರಿಗೆ ಎಲ್ಲ ಒಂದೇ. ಸರ್ವರಿಗೆ ಒಂದಕ್ಷರ ಬೇರೆಯಾದರೂ ಬೇರೆ ಮನೆ.

ಆದ್ದರಿಂದ ತಾಣಕ್ಕೆ ಒಂದು ಮುಖ್ಯ ಹೆಸರು ಕೊಟ್ಟು, ಜನ ಕರೆಯಬಹುದಾದ ಉಳಿದ ಹೆಸರುಗಳನ್ನು ‘ಸರ್ವರ್ ಅಲಿಯಾಸ್’ ಎಂಬ ಸಾಲಿನಲ್ಲಿ ಸೇರಿಸಬೇಕು. ಆ ಹೆಸರುಗಳು ಡಿಎನ್ಎಸ್‌ನಲ್ಲೂ ಇರಬೇಕೆನ್ನಿ. ಹೆಸರಿನ ಮುಂದಿನ ಮೂರು ‘ಡಬ್ಲ್ಯು’ಗಳ ವಿಷಯದಲ್ಲಿ ಆಗುವ ತಪ್ಪೂ ಇದೇ: ಅದನ್ನು ಹಾಕಿ ತೆರೆದವರಿಗೆ ಒಂದು ಪುಟ, ಹಾಕದವರಿಗೆ ಮತ್ತೊಂದು.

ಬಿ.ಸಿ. ರೋಡಿನಲ್ಲೊಂದು ಕೈಕಂಬವಿದೆ, ಮೂಡುಬಿದಿರೆ ದಾರಿಯ ಗುರುಪುರದ ಹತ್ತಿರ ಇನ್ನೊಂದಿದೆ. ಬರೇ ಕೈಕಂಬ ಎಂದರೆ ಬಸ್ಸಿನ ಕಂಡಕ್ಟರು ಯಾವುದು ಎಂದು ತಿರುಗಿ ಕೇಳುತ್ತಾರೆ. ‘ನನ್ನ ಪೂರ್ಣ ಹೆಸರು ಏನೆಂದು ಖಚಿತವಾಗಲಿಲ್ಲ’ ಎಂದು ಅಪಾಚೆ ಏಳುವಾಗ ಗೊಣಗುವುದೂ ಅಂಥದೇ. ಅದು ಬರೀ ಎಚ್ಚರಿಕೆ, ದೋಷವಲ್ಲ. ಅದರ ಬೆನ್ನು ಹತ್ತಿ ನಿಜವಾದ ತಪ್ಪನ್ನು ಬಿಟ್ಟವರು ಅನೇಕರು.

ಕನ್ನಡ ಲಿಪಿಯಲ್ಲಿಯೇ ಬರೆದು ‘.ಭಾರತ’ ಎಂದು ಮುಗಿಯುವ ಹೆಸರುಗಳೂ ಈಗ ಸಿಗುತ್ತವೆ. ಅಲ್ಲೊಂದು ಸೂಕ್ಷ್ಮವಿದೆ. ಓದುಗರಿಗೆ ಕನ್ನಡ ಕಂಡರೂ ಬ್ರೌಸರು ಸರ್ವರಿಗೆ ಕಳಿಸುವುದು ‘ಎಕ್ಸ್‌ಎನ್’ ಎಂದು ಆರಂಭವಾಗುವ ಇಂಗ್ಲಿಷ್ ಅಕ್ಷರಗಳ ಗೂಢ ರೂಪವನ್ನು. ಸರ್ವರಿನ ಕಡತದಲ್ಲಿ ಆ ರೂಪವನ್ನೇ ಬರೆಯಬೇಕು. ಕನ್ನಡದಲ್ಲಿ ಬರೆದಿಟ್ಟರೆ ಹೆಸರು ಕೂಡಿಬರದೆ ಮತ್ತೆ ಮೊದಲ ಮನೆಯೇ ಗತಿ.

ಮುಚ್ಚಿದ ಲಕೋಟೆ

ಬೀಗದ ಗುರುತಿನ ಸುರಕ್ಷಿತ ತಾಣಗಳಲ್ಲಿ ಮಾತುಕತೆಯೆಲ್ಲ ಗುಪ್ತ ಲಿಪಿಯಲ್ಲಿ ನಡೆಯುತ್ತದೆ. ಹಾಗಾದಾಗ ಹೆಸರೂ ಲಕೋಟೆಯೊಳಗೆ ಸೇರಿಹೋಯಿತು. ಒಡೆಯದೆ ಯಾರಿಗೆಂದು ತಿಳಿಯದು, ಯಾರಿಗೆಂದು ತಿಳಿಯದೆ ಒಡೆಯಲಾಗದು! 2003ರಲ್ಲಿ ಪ್ರಕಟವಾದ ಎಸ್ಎನ್ಐ ಎಂಬ ಕ್ರಮ ಹೆಸರೊಂದನ್ನು ಲಕೋಟೆಯ ಹೊರಗೆ ಬರೆಯುವ ದಾರಿ ತೋರಿಸಿತು. ಹಳೆಯ ಬ್ರೌಸರುಗಳು ಮರೆಯಾಗುವ ತನಕ ಅದು ಎಲ್ಲೆಡೆ ಬಳಕೆಗೆ ಬರಲಿಲ್ಲ.

ಇಲ್ಲಿ ನೆನಪಿಡಬೇಕಾದುದು ಒಂದೇ. ಸಾದಾ ತಾಣ 80ನೇ ಬಾಗಿಲಿನಲ್ಲಿ, ಸುರಕ್ಷಿತ ತಾಣ 443ನೇ ಬಾಗಿಲಿನಲ್ಲಿ ಕೂತಿರುತ್ತದೆ. ಪ್ರತಿಯೊಂದಕ್ಕೂ ಪ್ರತ್ಯೇಕ ಪಟ್ಟಿ. ಒಂದನ್ನು ತಿದ್ದಿದರೆ ಇನ್ನೊಂದು ಸರಿಯಾಗುವುದಿಲ್ಲ. 443ರ ಪಟ್ಟಿಯಲ್ಲಿ ಸಂಘದ ಹೆಸರಿಲ್ಲದಿದ್ದರೆ ಮೊದಲ ಮನೆಯವರ ಪ್ರಮಾಣಪತ್ರ ಎದುರಾಗಿ, ‘ಈ ತಾಣ ಸುರಕ್ಷಿತವಲ್ಲ’ ಎಂದು ಬ್ರೌಸರು ಹೆದರಿಸುತ್ತದೆ. ಪ್ರಮಾಣಪತ್ರಕ್ಕೆ ಹಣ ಕೊಡಬೇಕೆಂದೇನೂ ಇಲ್ಲ. 2015ರ ಡಿಸೆಂಬರ್‌ನಲ್ಲಿ ಸಾರ್ವಜನಿಕರಿಗೆ ತೆರೆದ ‘ಲೆಟ್ಸ್ ಎನ್‌ಕ್ರಿಪ್ಟ್’ ಅದನ್ನು ಉಚಿತವಾಗಿ ಕೊಡುತ್ತದೆ. ಅದರ ಆಯುಷ್ಯ ಚಿಕ್ಕದು. ತಾನಾಗಿ ನವೀಕರಣವಾಗುವ ಏರ್ಪಾಡು ಸರಿಯಿದೆಯೇ ಎಂದು ಆಗಾಗ ನೋಡಿಕೊಳ್ಳಬೇಕು.

ಒಂದು ಪುಸ್ತಕ, ನಾಲ್ಕು ಸಾಲು

ದೋಷ ಹುಡುಕುವವರು ಮಾಡಬಾರದ ಕೆಲಸವೊಂದಿದೆ: ಒಂದೇ ಸಲಕ್ಕೆ ಮೂರು ಬದಲಾವಣೆ. ಆಮೇಲೆ ಸರಿಯಾದರೂ ಯಾವುದರಿಂದ ಸರಿಯಾಯಿತು ತಿಳಿಯುವುದಿಲ್ಲ. ಕೆಟ್ಟರೆ ಯಾವುದರಿಂದ ಕೆಟ್ಟಿತು ಎಂಬುದೂ ತಿಳಿಯುವುದಿಲ್ಲ. ಒಂದನ್ನು ಬದಲಿಸಿ, ನೋಡಿ, ಬರೆದಿಟ್ಟು ಮುಂದಕ್ಕೆ ಹೋಗಬೇಕು. ನೋಡುವುದು ಬ್ರೌಸರಿನ ಖಾಸಗಿ ಕಿಟಕಿಯಲ್ಲಾದರೆ ಒಳ್ಳೆಯದು. ಮಾಮೂಲು ಕಿಟಕಿ ಹಳೆಯ ಪುಟವನ್ನು ನೆನಪಿನಲ್ಲಿಟ್ಟುಕೊಂಡು, ಸರಿಯಾಗಿದ್ದರೂ ಆಗಿಲ್ಲವೆಂದು ತೋರಿಸೀತು.

ಸಂಸ್ಥೆಗಳ ಪದಾಧಿಕಾರಿಗಳಿಗೆ ಈ ತಂತ್ರವೆಲ್ಲ ಗೊತ್ತಿರಬೇಕಾಗಿಲ್ಲ. ಅವರು ಕೇಳಿ ತಿಳಿದುಕೊಳ್ಳಬೇಕಾದುದು ನಾಲ್ಕು ಸಂಗತಿ. ತಾಣದ ಹೆಸರು ಯಾರ ಹೆಸರಿನಲ್ಲಿ ನೋಂದಾಯಿತವಾಗಿದೆ? ಅದರ ಶುಲ್ಕ ಕಟ್ಟುವ ದಿನ ಯಾವುದು? ಸರ್ವರು ಎಲ್ಲಿದೆ, ಅದರ ಐಪಿ ವಿಳಾಸ ಏನು? ತಾಣದ ಕಡತಗಳ ಇನ್ನೊಂದು ಪ್ರತಿ ಯಾರ ಹತ್ತಿರ ಇದೆ? ತಾಣ ಮಾಡಿಕೊಟ್ಟವರ ಸ್ವಂತ ಹೆಸರಿನಲ್ಲಿ ನೋಂದಣಿ ಆಗಿದ್ದರೆ, ಅವರ ಫೋನ್ ನಂಬರ್ ಬದಲಾದ ದಿನ ಸಂಘವು ತನ್ನ ಹೆಸರನ್ನೇ ಕಳೆದುಕೊಂಡಂತೆ. ನವೀಕರಣವಾಗದ ಹೆಸರನ್ನು ಯಾರು ಬೇಕಾದರೂ ಕೊಳ್ಳಬಹುದು. ಅಂಥ ತಪ್ಪನ್ನು ಯಾವ ಆಜ್ಞೆಯಿಂದಲೂ ತಿದ್ದಲಾಗದು.

ಸಂಘದ ಬೀರುವಿನಲ್ಲಿ ನಿರ್ಣಯ ಪುಸ್ತಕ, ಕ್ಯಾಶ್ ಪುಸ್ತಕ, ಸದಸ್ಯರ ರಿಜಿಸ್ಟರು ಇರುತ್ತವೆ. ಅವುಗಳ ಜೊತೆ ಈ ನಾಲ್ಕು ಉತ್ತರಗಳನ್ನು ಬರೆದ ತೆಳ್ಳಗಿನ ನೋಟ್ ಪುಸ್ತಕವೊಂದು ಇರಲಿ. ಏನಾದರೂ ಬದಲಾದಾಗಲೆಲ್ಲ ತಾರೀಖು ಹಾಕಿ ಒಂದು ಸಾಲು ಸೇರಲಿ. ಪಾಸ್‌ವರ್ಡುಗಳನ್ನು ಬೇರೆ ಲಕೋಟೆಯಲ್ಲಿಟ್ಟು ಬೀಗ ಹಾಕಬೇಕು. ತಾಣ ಮಾಡಿಕೊಟ್ಟ ಹುಡುಗಿ ದೂರದ ಊರಿನ ಕೆಲಸದಲ್ಲಿದ್ದರೂ, ಮಿಜಾರಿನಿಂದಲೋ ಉಜಿರೆಯಿಂದಲೋ ಬಂದ ಇನ್ನೊಬ್ಬ ವಿದ್ಯಾರ್ಥಿ ಆ ಪುಸ್ತಕ ತೆರೆದು ಕೆಲಸ ಮುಂದುವರಿಸಬಹುದು.